ಮದುವೆಯ ಮುಹೂರ್ತಕ್ಕೆ ಮಲ್ಲಿಗೆಯ ಮೊಗ್ಗು

ನಮ್ಮ ನಾಡಿನಲ್ಲಿ ಹೂವಿಲ್ಲದ ಮದುವೆಯಿಲ್ಲ. ವಧೂವರರು ಬದಲಾಯಿಸಿಕೊಳ್ಳುವ ಹಾರ, ಮದುಮಗಳ ಮೊಗ್ಗಿನ ಜಡೆ, ಮಂಟಪದ ಸರ, ಮುತ್ತೈದೆಯರ ಮುಡಿಗೆ ಮೊಳ ಹೂ ಎಲ್ಲವೂ ಬೇಕು. ಯಾವುದಕ್ಕೆ ಯಾವ ಹೂ, ಅದು ಮೊಗ್ಗಾಗಿರಬೇಕೋ ಅರಳಿರಬೇಕೋ ಎಂಬುದನ್ನು ಸಂಪ್ರದಾಯವೇ ಗೊತ್ತುಮಾಡಿದೆ. ಇದನ್ನರಿತು ಬೆಳೆದವರಿಗೆ ಒಳ್ಳೆಯ ಬೆಲೆ. ಅರಿಯದವರ ಹೂ ಬುಟ್ಟಿಯಲ್ಲಿಯೇ ಬಾಡುತ್ತದೆ.

ಬೇಡಿಕೆಯ ಕಾಲ

ಮಾಘದಿಂದ ಜ್ಯೇಷ್ಠದವರೆಗೆ ಲಗ್ನಗಳು ಹೆಚ್ಚು. ಆಷಾಢದಲ್ಲಿ ಸಾಮಾನ್ಯವಾಗಿ ಮದುವೆಗಳು ನಿಲ್ಲುತ್ತವೆ. ಶ್ರಾವಣದಲ್ಲಿ ಮತ್ತೆ ಆರಂಭವಾಗಿ, ಪಿತೃಪಕ್ಷದಲ್ಲಿ ತಡೆದು, ಕಾರ್ತಿಕ, ಮಾರ್ಗಶಿರಗಳಲ್ಲಿ ಮುಂದುವರಿಯುತ್ತವೆ. ಧನುರ್ಮಾಸದಲ್ಲಿ ಪುನಃ ಬಿಡುವು. ಆದುದರಿಂದ ಬೆಳೆಗಾರರು ಮೊದಲು ಪಂಚಾಂಗ ನೋಡಿ, ಅನಂತರ ಗಿಡಕ್ಕೆ ಕತ್ತರಿ ಹಾಕುವುದು ಲೇಸು.

ಮಲ್ಲಿಗೆ

ಮೊಗ್ಗಿನ ಜಡೆಗೆ ಒಂದೇ ಗಾತ್ರದ, ಬಲಿತ, ಬಿರಿಯದ ಮೊಗ್ಗುಗಳೇ ಬೇಕು. ದುಂಡುಮಲ್ಲಿಗೆಯ ಗಿಡಗಳಿಗೆ ನವೆಂಬರ್ ತಿಂಗಳ ಕೊನೆಯಲ್ಲಿ, ಮೊದಲು ನೀರು ನಿಲ್ಲಿಸಿ, ನೆಲದಿಂದ ಸುಮಾರು 45 ಸೆಂ.ಮೀ. ಎತ್ತರಕ್ಕೆ ಚಾಟನಿ ಮಾಡಬೇಕು. ಬಳಿಕ ಗಿಡಕ್ಕೆ 10 ಕಿ.ಗ್ರಾಂ. ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಟ್ಟರೆ ಮಾರ್ಚ್ ತಿಂಗಳಿಂದ ಮೊಗ್ಗು ಬರುತ್ತದೆ. ಇಡೀ ತೋಟವನ್ನು ಒಂದೇ ದಿನ ಸವರದೆ, ಎರಡು ಮೂರು ಭಾಗ ಮಾಡಿ ಹದಿನೈದು ದಿನಗಳ ಅಂತರದಲ್ಲಿ ಸವರಿದರೆ ಹೂವೆಲ್ಲ ಒಮ್ಮೆಲೇ ಬಂದು ಬೆಲೆ ಕುಸಿಯುವ ಭಯ ಕಡಿಮೆ.

ಮೊಗ್ಗನ್ನು ಸೂರ್ಯೋದಯಕ್ಕೆ ಮುಂಚೆ ಬಿಡಿಸಬೇಕು. ಬೆಳಗ್ಗೆ ಬಿಡಿಸಿದ ಮೊಗ್ಗು ಸಂಜೆಗೆ ಅರಳುತ್ತದೆ. ಅರಳಿದ ಮೇಲೆ ಜಡೆಗೆ ಬಾರದು. ಬುಟ್ಟಿಗೆ ಬಾಳೆಎಲೆ ಹಾಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿರಿ. ಮೊಗ್ಗಿನ ಮೇಲೆ ನೀರು ಸುರಿಯಬೇಡಿ. ಕಂದು ಬಣ್ಣಕ್ಕೆ ತಿರುಗುತ್ತದೆ.

ಕಟ್ಟಿ ಮಾರುವುದರಲ್ಲಿಯೂ ಲಾಭವಿದೆ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಿನ ಮನೆಗಳಲ್ಲಿ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟುವ ಕೂಲಿ ಮನೆಯಲ್ಲಿಯೇ ಉಳಿಯುತ್ತದೆ.

ಕನಕಾಂಬರ ಮತ್ತು ಸುಗಂಧರಾಜ

ಕರಾವಳಿಯಲ್ಲಿ ಅಬ್ಬಲಿಗೆ ಎನಿಸಿಕೊಂಡ ಕನಕಾಂಬರಕ್ಕೆ ವಾಸನೆಯಿಲ್ಲ. ಆದರೆ ಬಣ್ಣವಿದೆ, ಬೇಗ ಬಾಡುವುದಿಲ್ಲ. ಹೂ ಬಹಳ ಹಗುರ. ಒಂದು ಕಿಲೋಗೆ ಸುಮಾರು 15,000 ಹೂ ಬೇಕು. ಆದುದರಿಂದ ಕೀಳುವ ಕೂಲಿಯನ್ನು ಮೊದಲೇ ಲೆಕ್ಕ ಹಾಕಿ, ಮನೆಯವರ ಕೈಗೆ ಎಟಕುವಷ್ಟು ಮಾತ್ರ ನೆಡಿರಿ. ದೆಹಲಿ ಕನಕಾಂಬರದಲ್ಲಿ ಬೀಜ ಕಟ್ಟುವುದಿಲ್ಲ; ಕಡ್ಡಿಯಿಂದಲೇ ಸಸಿ ಮಾಡಬೇಕು.

ಹಾರಕ್ಕೆ ಸುಗಂಧರಾಜದ ಒಂಟಿ ಸುತ್ತಿನ ತಳಿಗಳು ಉತ್ತಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್, ಪ್ರಜ್ವಲ್ ತಳಿಗಳು ಈ ಬಗೆಯವು. ಏಪ್ರಿಲ್-ಮೇ ತಿಂಗಳಲ್ಲಿ ಗೆಡ್ಡೆ ನೆಟ್ಟರೆ ಸುಮಾರು ಮೂರು ತಿಂಗಳಿಗೆ, ಶ್ರಾವಣದ ಲಗ್ನಗಳ ಹೊತ್ತಿಗೆ, ಹೂ ಬರುತ್ತದೆ.

ಹೊಸ ಪದ್ಧತಿ, ಹಳೆಯ ಹೂ

ಈಗ ಆರತಕ್ಷತೆಯಲ್ಲಿ ಹೂಗುಚ್ಛ ಹಿಡಿಯುವ ರೂಢಿಯೂ ಬಂದಿದೆ. ಇದಕ್ಕೆ ಗುಲಾಬಿಯೊಂದೇ ಆಗಬೇಕೆಂದಿಲ್ಲ. ಸುವಾಸಿನಿ, ವೈಭವ್‌ನಂತಹ ಜೋಡಿ ಸುತ್ತಿನ ಸುಗಂಧರಾಜದ ಕಡ್ಡಿಗಳು ಗುಚ್ಛಕ್ಕೆ ಒಪ್ಪುತ್ತವೆ. ದಂಡೆಯ ನಡುವೆ ಕಟ್ಟುವ ಮರುಗ, ದವನಗಳನ್ನೂ ಹಸಿರಿಗಾಗಿ ಸೇರಿಸಬಹುದು. ಬದುವಿನ ಬಳಿ ನಾಲ್ಕು ಮಡಿ ಮರುಗವಿದ್ದರೆ ಹೂವಿನ ಜೊತೆಗೆ ಅದೂ ಮಾರಾಟವಾಗುತ್ತದೆ.

ಹೂ ಕಟ್ಟುವವರನ್ನೂ ಅಡಿಗೆಯವರಂತೆ ಮದುವೆ ಮನೆಯವರು ಮುಂಚಿತವಾಗಿ ಗೊತ್ತುಮಾಡುತ್ತಾರೆ. ನಿಮ್ಮ ಸುತ್ತಲಿನ ಹೂ ಕಟ್ಟುವವರನ್ನು ಈಗಲೇ ಕಂಡು, ಯಾವ ದಿನಕ್ಕೆ ಎಷ್ಟು ಬೇಕೆಂದು ಕೇಳಿಕೊಳ್ಳಿರಿ. ತಳಿ, ಗೊಬ್ಬರಗಳ ವಿಷಯದಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯಿರಿ.