ಅಗ್ಗದ ತೋಟೆ ಅಗ್ಗವೇ?

ಬೇಲೂರು ಕಡೆ ಮುಸುಕಿನ ಜೋಳ ಹಾಲುಗಟ್ಟಿತೆಂದರೆ ಹಂದಿ ಬಂತೆಂದೇ ಲೆಕ್ಕ. ನನ್ನದು ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ 12 ಬೋರಿನ ಕೋವಿ. ಕೊಲ್ಲೋದಕ್ಕಲ್ಲ, ಸದ್ದು ಮಾಡಿ ಓಡಿಸೋದಕ್ಕೆ.

ಕಳೆದ ಮಳೆಗಾಲ ಒಂದಕ್ಕೆ ಹತ್ತು ರೂಪಾಯಿ ಕಡಿಮೆ ಅಂತ ಹಳೆ ದಾಸ್ತಾನಿನ ಕಾಗದದ ತೋಟೆ ಹತ್ತು ತಂದೆ. ಮೂರು ಥಂಡಿಗೆ ಉಬ್ಬಿ ನಳಿಗೆಗೇ ಇಳಿಯಲಿಲ್ಲ. ಎರಡು ‘ಟಕ್’ ಅಂದು ಸುಮ್ಮನಾದವು. ಅಷ್ಟರಲ್ಲಿ ಹಂದಿ ಆರು ಸಾಲು ಮುಗಿಸಿತ್ತು! ಉಳಿಸಿದ್ದು ನೂರು ರೂಪಾಯಿ. ಹಾರಿದವು ಐದೇ, ಅಂದರೆ ಒಂದರ ಬೆಲೆ ಇಮ್ಮಡಿ.

ಈಗ ಪ್ಲಾಸ್ಟಿಕ್ ಕವಚದ್ದನ್ನೇ ತರುತ್ತೇನೆ. ಹಿತ್ತಾಳೆ ತಳದಲ್ಲಿ ಹಸಿರು ಕಿಲುಬು ಹಿಡಿದಿದೆಯೇ, ಕೇಪು ಉಬ್ಬಿ ನಿಂತಿದೆಯೇ, ಬಾಯಿಯ ಮಡಿಕೆ ಬಿಚ್ಚಿದೆಯೇ ಅಂತ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ. ಅಂಗಡಿಯವರು ಮುಖ ಸಿಂಡರಿಸಿದರೂ ಸರಿ. .22 ರೈಫಲ್ಲಿನ ತೋಟೆಗೆ ಈ ಪರೀಕ್ಷೆ ಸಾಲದು. ಅದಕ್ಕೆ ಬೇರೆ ಕೇಪಿಲ್ಲ, ಸಿಡಿಮದ್ದು ತಳದ ಅಂಚಿನೊಳಗೇ ಇರುತ್ತದೆ. ಅಗ್ಗದ್ದರಲ್ಲಿ ಅದು ಸುತ್ತ ಸಮನಾಗಿ ಹರಡಿಲ್ಲದಿದ್ದರೂ ಹೊರಗಿನಿಂದ ಕಾಣದು.

ಇನ್ನೊಂದು: ‘ಟಕ್’ ಅಂದ ಕೂಡಲೇ ಕೋವಿ ಬಿಚ್ಚಬೇಡಿ. ಕೆಲವು ತಡವಾಗಿ ಸಿಡಿಯುತ್ತವೆ. ನಳಿಗೆಯನ್ನು ಜನ, ದನ ಇಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ. ಆ ರಾತ್ರಿ ನಾನು ಕಾಯಲಿಲ್ಲ.