ಪ್ರಾಜೆಕ್ಟ್ ಕಾರು: ಸಿದ್ಧ ವಾಹನದ ಖರೀದಿ ಮತ್ತು ಸ್ವಂತ ನಿರ್ಮಾಣ

ಹಳೆಯದಾದ ಅಥವಾ ಕೆಟ್ಟು ನಿಂತ ಕಾರನ್ನು ಕೊಂಡು, ಬಿಡುವಿನ ವೇಳೆಯಲ್ಲಿ ಹಂತಹಂತವಾಗಿ ದುರಸ್ತಿಗೊಳಿಸಿ ಮತ್ತೆ ರಸ್ತೆಗಿಳಿಸಲು ಉದ್ದೇಶಿಸಿದಾಗ ಅದನ್ನು ಪ್ರಾಜೆಕ್ಟ್ ಕಾರು ಎನ್ನುತ್ತಾರೆ. ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪು, 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಮೊದಲಾದವು ಇದಕ್ಕೆ ಆಯ್ಕೆಯಾಗುತ್ತವೆ. ಬೇರೊಬ್ಬರು ಪೂರ್ಣಗೊಳಿಸಿದ ಕಾರನ್ನು ಕೊಳ್ಳಬೇಕೆ, ಸ್ವತಃ ಕಟ್ಟಬೇಕೆ ಎಂಬುದನ್ನು ಖರ್ಚಿನಷ್ಟೇ ನೋಂದಣಿ ಕಾನೂನೂ ನಿರ್ಧರಿಸುತ್ತದೆ.

ವೆಚ್ಚ ಮತ್ತು ಸ್ಥಿತಿ

ಸ್ವಂತ ನಿರ್ಮಾಣದಲ್ಲಿ ಆರಂಭದ ಬೆಲೆ ಅಲ್ಪ. ಟಿಂಕರಿಂಗ್, ಎಂಜಿನ್ ಬೋರಿಂಗ್, ವೈರಿಂಗ್, ಸೀಟು ಹೊಲಿಗೆ, ಬಣ್ಣ ಇವೆಲ್ಲ ಸೇರಿದಾಗ ಮೊತ್ತವು ಸಿದ್ಧ ಕಾರಿನ ಬೆಲೆಯನ್ನು ಮೀರುವುದು ಸಾಮಾನ್ಯ. ಕಟ್ಟಿದವನ ಶ್ರಮಕ್ಕೆ ಮಾರಾಟದಲ್ಲಿ ಪೂರ್ಣ ಬೆಲೆ ಸಿಗುವುದು ಅಪರೂಪ. ಅದರ ಲಾಭ ಕೊಳ್ಳುವವನಿಗೆ. ಆದರೆ ಬಣ್ಣದ ಅಡಿಯಲ್ಲಿರುವುದು ಅವನಿಗೆ ಕಾಣದು. ದಪ್ಪನೆಯ ಪುಟ್ಟಿಯ ಮೇಲೆ ಆಯಸ್ಕಾಂತ ಹಿಡಿಯುವುದಿಲ್ಲವೆಂಬುದು ಹಳೆಯ, ಇಂದಿಗೂ ಉಪಯುಕ್ತವಾದ ಪರೀಕ್ಷೆ.

ರಾಯಚೂರಿನ ಒಣ ಹವೆಯಲ್ಲಿ ಕರಾವಳಿಯಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ಆದರೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗಗಳ ಗದ್ದೆದಾರಿಯಲ್ಲಿ ಓಡಿದ ಜೀಪಿನ ಚಾಸಿಯ ಸಂದುಗಳಲ್ಲಿ ಕೆಸರು ನಿಂತು ತೇವವನ್ನು ಹಿಡಿದಿಡುತ್ತದೆ. ಅಂಥ ವಾಹನವನ್ನು ಕೆಳಗಿನಿಂದಲೇ ಪರೀಕ್ಷಿಸಬೇಕಾಗುತ್ತದೆ.

ನೋಂದಣಿ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಹೊಣೆ ಮಾಲೀಕನದು. ಆದ್ದರಿಂದ ಬೇರೊಬ್ಬರು ಎಂಜಿನ್ ಬದಲಿಸಿದ ಜೀಪನ್ನು ಕೊಳ್ಳುವವನು ಆ ತೊಡಕನ್ನೂ ಕೊಂಡಂತೆಯೇ. ಸ್ವತಃ ಕಟ್ಟುವವನಿಗೆ ಎಂಜಿನ್ ಬದಲಿಸುವ ಮೊದಲೇ ನೋಂದಣಿ ಪ್ರಾಧಿಕಾರದ ಅನುಮತಿ ಕೇಳುವ ಅವಕಾಶವಿರುತ್ತದೆ.

ಚಾಸಿ ಸಂಖ್ಯೆ ಆರ್.ಸಿ.ಯೊಂದಿಗೆ ತಾಳೆಯಾಗದ ಕಾರು, ಎಷ್ಟೇ ಹೊಳೆಯುತ್ತಿರಲಿ, ಬಿಡಿಭಾಗಗಳ ರಾಶಿಗಿಂತ ಹೆಚ್ಚು ಬಾಳದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ಹಲವು ವರ್ಷ ಶೆಡ್ಡಿನಲ್ಲಿ ನಿಂತ ಕಾರಿಗೆ ದುರಸ್ತಿಯ ಜೊತೆಗೆ ನವೀಕರಣವೂ ಬೇಕು.

ಜಿಲ್ಲೆಯ ವಾಹನಗಳು ಕೆಎ 36 ಸರಣಿಯಲ್ಲಿ ನೋಂದಣಿಯಾಗುತ್ತವೆ. ರಾಯಚೂರು ನಗರವು ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ಗಡಿಗೆ ಸಮೀಪವಿರುವುದರಿಂದ ಗದ್ವಾಲ, ಕರ್ನೂಲು ಕಡೆಯ ಕಾರುಗಳು ಕಡಿಮೆ ಬೆಲೆಗೆ ಸಿಕ್ಕಂತೆ ತೋರಬಹುದು. ಅವುಗಳಿಗೆ ಮೂಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಜೀವಾವಧಿ ತೆರಿಗೆ ಹಾಗೂ ಹೊಸ ನೋಂದಣಿ ಸಂಖ್ಯೆ ಅಗತ್ಯ. ಈ ಲೆಕ್ಕ ಸೇರಿಸಿದ ಮೇಲೆಯೇ ನಿಜವಾದ ಬೆಲೆ ತಿಳಿಯುತ್ತದೆ.

ವಿಂಟೇಜ್ ವಾಹನಗಳು

2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರ ನಿಯಮಗಳು 50 ವರ್ಷ ಮೀರಿದ, ವಾಣಿಜ್ಯೇತರ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಒದಗಿಸಿವೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಇಂಥ ವಾಹನವನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ನಿರ್ವಹಣೆಗಳಿಗೆ ಮಾತ್ರ ರಸ್ತೆಗೆ ತರಬಹುದು. ಚಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿದ್ದರೆ ಈ ಮಾನ್ಯತೆ ದೊರೆಯುವುದಿಲ್ಲ.