ಗೆಲುವಿನ ಬೆಲೆ ಎಷ್ಟು ಅಂಕ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನೋಡಿದವರಿಗೆ ಗೆದ್ದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಗೊತ್ತುಪಡಿಸಿದ ಹೊತ್ತಿನಲ್ಲಿ ಎತ್ತಿನ ಜೋಡಿ ಭಾರದ ಬಂಡಿಯನ್ನು ಎಷ್ಟು ದೂರ ಎಳೆಯಿತೆಂದು ಅಳೆದರೆ ಮುಗಿಯಿತು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಎತ್ತಿನ ಸ್ಪರ್ಧೆಗಳಿಗೆ ಕುತ್ತು ಬಂದು, ರಾಜ್ಯದ 2017ರ ತಿದ್ದುಪಡಿಯನ್ನು ಅದೇ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿದದ್ದು ಬೇರೆಯೇ ಕಥೆ. ಒಂದು ದಿನದ ಪಂದ್ಯಕ್ಕಂತೂ ಅಂಕ ಬೇಕಿಲ್ಲ.

ಅಂಕ ಬೇಕಾಗುವುದು ಹಲವು ಊರುಗಳ ಫಲಿತಾಂಶ ಕೂಡಿಸಿ ವರ್ಷಕ್ಕೊಬ್ಬ ಚಾಂಪಿಯನ್ನನನ್ನು ಆರಿಸುವಾಗ. ಒಂದು ಜೋಡಿ ಮುಧೋಳ, ಜಮಖಂಡಿಗಳಲ್ಲಿ ಗೆದ್ದು ಬೀಳಗಿಯಲ್ಲಿ ಬರಿಗೈಯಲ್ಲಿ ಮರಳಿತು ಎನ್ನಿ. ಇನ್ನೊಂದು ಮೂರೂ ಕಡೆ ಎರಡನೆಯದು. ಯಾವುದು ಹೆಚ್ಚು?

ಮೋಟಾರು ಓಟದವರ ಉತ್ತರ ಕಾಲಕ್ಕೊಂದು ಬಗೆ. 1950ರಲ್ಲಿ ಶುರುವಾದ ಫಾರ್ಮುಲಾ ಒನ್ ಚಾಂಪಿಯನ್‌ಷಿಪ್‌ನಲ್ಲಿ ಮೊದಲನೆಯವನಿಗೆ 8, ಎರಡನೆಯವನಿಗೆ 6. 1991ರಲ್ಲಿ ಅದು 10 ಮತ್ತು 6 ಆಯಿತು. ಆ ಲೆಕ್ಕದಲ್ಲಿ ನಮ್ಮ ಮೊದಲ ಜೋಡಿಗೆ 20, ಎರಡನೆಯದಕ್ಕೆ 18. 2003ರಲ್ಲಿ ಎರಡನೆಯ ಸ್ಥಾನಕ್ಕೆ 8 ಕೊಟ್ಟರು. ತಕ್ಷಣ ತಕ್ಕಡಿ ತಿರುಗಿ 20ಕ್ಕೆ 24! 2010ರಿಂದ 25 ಮತ್ತು 18, ಅಂದರೆ 50ಕ್ಕೆ 54. ಮೋಟೊಜಿಪಿ ಬೈಕುಗಳಲ್ಲಿ 25 ಮತ್ತು 20. ಅಲ್ಲಿ 50ಕ್ಕೆ 60. ಅಲ್ಲಿ ಹದಿನೈದನೆಯವನಿಗೂ ಒಂದು ಅಂಕವುಂಟು. ತಪ್ಪದೆ ಗುರಿ ಮುಟ್ಟುವವನಿಗೆ ಬೈಕಿನವರು ಹೆಚ್ಚು ಉದಾರಿಗಳು. ನನಗಂತೂ ಗೆದ್ದವನ ಕೈ ಮೇಲಿಡುವ 1991ರ ಲೆಕ್ಕವೇ ಹಿತ.

ಇದು ಬರೀ ಕಾಗದದ ಲೆಕ್ಕವಲ್ಲ. 2008ರಲ್ಲಿ ಫೆಲಿಪೆ ಮಾಸಾ 6 ಓಟ ಗೆದ್ದರು, ಲೂಯಿಸ್ ಹ್ಯಾಮಿಲ್ಟನ್ 5. ಅಂಕದಲ್ಲಿ ಹ್ಯಾಮಿಲ್ಟನ್ 98, ಮಾಸಾ 97. ಅದೇ ಫಲಿತಾಂಶಗಳನ್ನು 1991ರ ಲೆಕ್ಕಕ್ಕೆ ಹಾಕಿ ನೋಡಿದರೆ ಮಾಸಾಗೆ 83, ಹ್ಯಾಮಿಲ್ಟನ್‌ಗೆ 80! ಹಳೆಯ ಲೆಕ್ಕವಿದ್ದಿದ್ದರೆ ಇಬ್ಬರೂ ಬೇರೆ ರೀತಿ ಓಡಿಸುತ್ತಿದ್ದರೇನೋ, ಆ ಮಾತು ಬೇರೆ.

1988ರದು ಇನ್ನೂ ವಿಚಿತ್ರ. ಹದಿನಾರು ಓಟಗಳಲ್ಲಿ ಅತ್ಯುತ್ತಮ ಹನ್ನೊಂದನ್ನು ಮಾತ್ರ ಎಣಿಸುವ ನಿಯಮ. ಆಲನ್ ಪ್ರೋಸ್ಟ್ ಗಳಿಸಿದ್ದು 105, ಐರ್ಟನ್ ಸೆನ್ನಾ 94. ನಿಯಮದಂತೆ ಕಳೆದ ಮೇಲೆ ಸೆನ್ನಾಗೆ 90, ಪ್ರೋಸ್ಟ್‌ಗೆ 87; ಪಟ್ಟ ಸೆನ್ನಾ ಪಾಲಾಯಿತು. ಕೆಟ್ಟ ದಿನವನ್ನು ಮರೆಸುವ ಆ ನಿಯಮ 1991ರಲ್ಲಿ ಹೋಯಿತು. 2014ರಲ್ಲಿ ಅಬುಧಾಬಿಯ ಕೊನೆಯ ಓಟಕ್ಕೆ ಇಮ್ಮಡಿ ಅಂಕವನ್ನೂ ಇಟ್ಟು ನೋಡಿದರು. ಟೀಕೆಯ ಸುರಿಮಳೆಯಾಗಿ ಮರುವರ್ಷವೇ ಕೈಬಿಟ್ಟರು.